ಮಗಳ ಮೊಣಕಾಲಿನ ನೀರು ಎರಡನೇ ಸಲ ತೆಗೆಸಬೇಕಾ?

ಬನವಾಸಿ ರಸ್ತೆಯವನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಬನವಾಸಿ ರಸ್ತೆಯಲ್ಲಿ ಒಳಗೆ ಹೋದರೆ ಸಿಗುವ ಹಳ್ಳಿ. ಮಗಳಿಗೆ ನಾಲ್ಕೂವರೆ ವರ್ಷ. ದೀಪಾವಳಿ ಹೊತ್ತಿಗೆ ಎಡ ಮೊಣಕಾಲು ಊದಿಕೊಂಡಿದ್ದು ಇನ್ನೂ ಇಳಿದಿಲ್ಲ. ಈಗ ಅಂಗಳದ ತುಂಬ ಚಾಲಿ ಅಡಿಕೆ ಒಣಗಿಸ್ತಾ ಇದ್ದೇವೆ, ಅಷ್ಟು ಕಾಲ ಆಯ್ತು.

ಬಿದ್ದಿದ್ದು ಯಾರೂ ನೋಡಿಲ್ಲ. ಜ್ವರ ಇಲ್ಲ. ಮುಟ್ಟಿದರೆ ಆ ಕಾಲು ಸ್ವಲ್ಪ ಬಿಸಿ, ಆದರೆ ಕೆಂಪಾಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕಾಲು ನೀಡಲಿಕ್ಕೆ ಆಗೋದಿಲ್ಲ, ಬಚ್ಚಲಿಗೆ ಎತ್ತಿಕೊಂಡೇ ಹೋಗಬೇಕು. ಹತ್ತು ಗಂಟೆಯ ಮೇಲೆ ಅದೇ ಕೂಸು ಅಡಿಕೆ ಮೇಲೆ ಓಡಾಡಿ ಅಜ್ಜಿ ಹತ್ತಿರ ಬೈಸಿಕೊಳ್ಳುತ್ತದೆ. ನೋಡಿದವರೆಲ್ಲ ಅಂಗನವಾಡಿ ತಪ್ಪಿಸುವ ನಾಟಕ ಅಂತಾರೆ.

ಒಬ್ಬ ಡಾಕ್ಟರು ಸೂಜಿ ಹಾಕಿ ಮೊಣಕಾಲಿನ ನೀರು ತೆಗೆದರು. ಹಳದಿ ಬಣ್ಣ, ಸ್ವಲ್ಪ ಮಬ್ಬು. ಸಾದಾ ಬಾಟಲಿಯೊಂದಕ್ಕೆ ಹಾಕಿ ದೂರದ ಲ್ಯಾಬಿಗೆ ಕಳಿಸಿದರು. ತೆಗೆದಿದ್ದು ಬೆಳಿಗ್ಗೆ, ಬಸ್ಸು ಹತ್ತಿದ್ದು ಸಂಜೆ. ರಿಪೋರ್ಟ್ ಹೀಗಿದೆ: ಕ್ಲಾಟ್ ಇದೆ (ಹೆಪ್ಪುಗಟ್ಟಿದೆ ಅಂತ), ಬಿಳಿ ರಕ್ತಕಣ 1,900, ಕೋಶಗಳು ಹಾಳಾಗಿವೆ, ಗ್ರಾಂ ಸ್ಟೇನಿನಲ್ಲಿ (ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡೋದು) ಬ್ಯಾಕ್ಟೀರಿಯಾ ಕಂಡಿಲ್ಲ. ಕೌಂಟ್ ಕಡಿಮೆ ಇದೆ, ಪೆಟ್ಟಾಗಿರಬೇಕು ಅಂತ ಪಟ್ಟಿ ಸುತ್ತಿ ಕಳಿಸಿದರು. ಇನ್ನೊಬ್ಬರು ಟಿಬಿ ಇರಬಹುದು, ಮಾತ್ರೆ ಶುರು ಮಾಡೋಣ ಅಂದರು. ಕಳೆದ ವಾರ ಹುಬ್ಬಳ್ಳಿಯಲ್ಲಿ ಮಕ್ಕಳ ಕೀಲಿನ ಡಾಕ್ಟರಿಗೆ ತೋರಿಸಿದೆವು. ಅವರು ಇದು ಜೆಐಎ, ಅಂದರೆ ಮಕ್ಕಳ ಸಂಧಿವಾತ ಇರುವ ಹಾಗಿದೆ, ಆದರೆ ನೀರು ಮತ್ತೊಮ್ಮೆ ತೆಗೆದು ನೋಡಬೇಕು ಅಂತಾರೆ. ಕಣ್ಣಿನ ಡಾಕ್ಟರಿಗೂ ಬರೆದುಕೊಟ್ಟಿದ್ದಾರೆ. ಮೊಣಕಾಲಿಗೂ ಕಣ್ಣಿಗೂ ಏನು ಸಂಬಂಧ ಅಂತ ಕೇಳುವಷ್ಟರಲ್ಲಿ ಹೊರಗೆ ಮುಂದಿನ ಹೆಸರು ಕೂಗಿದರು.

ಮೊದಲ ಸಲ ಇಬ್ಬರು ಹಿಡಿದುಕೊಂಡು ಸೂಜಿ ಹಾಕಿದ್ದಕ್ಕೆ ಅವಳು ಈಗ ಬಿಳಿ ಕೋಟು ಕಂಡರೆ ಸಾಕು, ನನ್ನ ಕುತ್ತಿಗೆ ಬಿಡೋದಿಲ್ಲ. ಅದಕ್ಕೇ ಕೇಳೋದು. ಒಮ್ಮೆ ನೋಡಿದ ನೀರನ್ನು ಮತ್ತೆ ಯಾಕೆ ನೋಡಬೇಕು? ತೆಗೆದಷ್ಟೂ ಜಾಸ್ತಿ ತುಂಬುತ್ತದೆ ಅಂತ ನಮ್ಮ ಆಯಿ ಹೇಳ್ತಾಳೆ, ಹೌದಾ?

—

ಕುಮಟಾದ ಹಳೇ ಲ್ಯಾಬ್‌ನವನು

ತಮ್ಮಾ, ನಾನು ಡಾಕ್ಟರಲ್ಲ. ಲ್ಯಾಬ್ ಟೆಕ್ನೀಶಿಯನ್ ಆಗಿ ನಿವೃತ್ತನಾದವನು. ಹಾಗಾಗಿ ಕೂಸಿಗೆ ಏನಾಗಿದೆ ಅಂತ ಹೇಳೋದಿಲ್ಲ. ಆ 1,900ರ ಬಗ್ಗೆ ಮಾತ್ರ ಹೇಳಬಲ್ಲೆ. ಅದನ್ನು ನಂಬಬೇಡ.

ಕೋಶ ಎಣಿಸಬೇಕಾದ ನೀರನ್ನು ನೇರಳೆ ಮುಚ್ಚಳದ ಟ್ಯೂಬಿಗೆ ಹಾಕಬೇಕು. ಅದರಲ್ಲಿ ಇಡಿಟಿಎ ಇರುತ್ತದೆ, ಹೆಪ್ಪುಗಟ್ಟಲು ಬಿಡೋದಿಲ್ಲ. ಸಾದಾ ಬಾಟಲಿಯಲ್ಲಿ ಹೆಪ್ಪುಗಟ್ಟಿತು ಅಂದರೆ ಬಿಳಿ ಕಣಗಳೆಲ್ಲ ಆ ಹೆಪ್ಪಿನಲ್ಲೇ ಸಿಕ್ಕಿಬೀಳುತ್ತವೆ. ಮೇಲೆ ಉಳಿದ ನೀರನ್ನು ಎಣಿಸಿ 1,900 ಅಂತ ಬರೆದಿರುತ್ತಾರೆ. ಅದರ ಮೇಲೆ ದಿನವಿಡೀ ಕಾಯಿಸಿದ್ದು ಬೇರೆ. ಕೀಲಿನ ನೀರು ತೆಗೆದ ಒಂದು ಗಂಟೆಯೊಳಗೆ ಮೈಕ್ರೋಸ್ಕೋಪ್ ಕೆಳಗೆ ಬಂದರೆ ಒಳ್ಳೆಯದು. ಹೊತ್ತು ಹೋದಷ್ಟೂ ಕಣಗಳು ಒಡೆಯುತ್ತವೆ, ಲೆಕ್ಕ ಇಳಿಯುತ್ತದೆ. 'ಕೋಶಗಳು ಹಾಳಾಗಿವೆ' ಅಂತ ಬರೆದ ಪುಣ್ಯಾತ್ಮ ಪ್ರಾಮಾಣಿಕ, ಆದರೆ ಅದರ ಪಕ್ಕದಲ್ಲೇ ಒಂದು ಅಂಕಿ ಯಾಕೆ ಬರೆದನೋ ಗೊತ್ತಿಲ್ಲ. ನಾನಾಗಿದ್ದರೆ 'ಮಾದರಿ ಯೋಗ್ಯವಿಲ್ಲ, ಮತ್ತೆ ಕಳಿಸಿ' ಅಂತ ವಾಪಸ್ ಮಾಡುತ್ತಿದ್ದೆ.

ಆದರೂ ಆ ರಿಪೋರ್ಟಿನಲ್ಲಿ ಕೆಲಸಕ್ಕೆ ಬರುವ ಒಂದು ಮಾತಿದೆ, ಅದನ್ನು ಯಾರೂ ಲಕ್ಷ್ಯಕ್ಕೆ ತೆಗೆದುಕೊಂಡ ಹಾಗಿಲ್ಲ. ಕ್ಲಾಟ್ ಇದೆ ಅನ್ನೋದು. ಆರೋಗ್ಯವಂತ ಕೀಲಿನ ನೀರು ಹೆಪ್ಪುಗಟ್ಟೋದೇ ಇಲ್ಲ. ಹೆಪ್ಪಾಗಲಿಕ್ಕೆ ಬೇಕಾದ ಫೈಬ್ರಿನೋಜೆನ್ ಅದರಲ್ಲಿ ಇರೋದಿಲ್ಲ. ಕೀಲಿನ ಒಳಪೊರೆ ಉರಿಯೂತದಿಂದ ಊದಿ ಸೋರತೊಡಗಿದಾಗ ರಕ್ತದಿಂದ ಅದು ಒಳಗೆ ಬರುತ್ತದೆ. ನೀರಿನಲ್ಲಿ ರಕ್ತ ಬೆರೆತಿರಲಿಲ್ಲ ಅಂತಾದರೆ, ಆ ಹೆಪ್ಪು 1,900ಕ್ಕೆ ವಿರುದ್ಧ ಸಾಕ್ಷಿ ಹೇಳ್ತಾ ಇದೆ.

ಚೆನ್ನಾಗಿರುವ ಮೊಣಕಾಲಿನ ನೀರು ಹೇಗಿರುತ್ತದೆ ಗೊತ್ತಾ? ತಲೆಗೆ ಹಚ್ಚುವ ದಾಸವಾಳದ ಗೊಂಪು ನೋಡಿದ್ದೀಯಲ್ಲ, ಹಾಗೆ ಲೋಳೆ. ಸಿರಿಂಜಿನ ತುದಿಯಿಂದ ಒಂದು ಹನಿ ಬಿಟ್ಟರೆ ತಟಕ್ಕನೆ ಬೀಳೋದಿಲ್ಲ, ಒಂದೆರಡು ಅಂಗುಲ ಎಳೆ ಎಳೆದುಕೊಂಡು ಇಳಿಯುತ್ತದೆ. ಹಯಲುರಾನಿಕ್ ಆಮ್ಲದ ಗುಣ ಅದು. ಉರಿಯೂತ ಇದ್ದರೆ ಆ ಎಳೆ ಬರೋದಿಲ್ಲ, ಟಪ್ ಟಪ್ ಅಂತ ಬೀಳುತ್ತದೆ. ನಾವು ಟ್ಯೂಬಿನ ಹಿಂದೆ ಪೇಪರ್ ಹಿಡಿದು ನೋಡುತ್ತಿದ್ದೆವು. ಅಕ್ಷರ ಸಲೀಸಾಗಿ ಓದಲಿಕ್ಕೆ ಬಂದರೆ ತಿಳಿ. ಅಕ್ಷರ ಇದೆ ಅಂತ ಗೊತ್ತಾಗಿ ಓದಲು ಬಾರದಿದ್ದರೆ ಉರಿಯೂತದ ಕಡೆ. ಅಕ್ಷರವೇ ಕಾಣದಿದ್ದರೆ ಕೀವಿರಬಹುದು ಅಂತ ಡಾಕ್ಟರಿಗೆ ಆಗಲೇ ಫೋನ್. ಈಗಿನ ಹುಡುಗರು ನಗುತ್ತಾರೆ. ನಗಲಿ, ಮೆಷಿನ್ ಆನ್ ಮಾಡುವ ಮೊದಲೇ ಅರ್ಧ ವಿಷಯ ಅಲ್ಲೇ ಸಿಗುತ್ತದೆ.

ಮೆಷಿನ್ ಅಂದದ್ದಕ್ಕೆ ನೆನಪಾಯ್ತು. ರಕ್ತದ ಬಿಳಿ ಕಣ ಎಣಿಸುವಾಗ ಬಳಸುವ ದ್ರವದಲ್ಲಿ ಅಸಿಟಿಕ್ ಆಮ್ಲ ಇರುತ್ತದೆ. ಅಭ್ಯಾಸಬಲದಿಂದ ಕೀಲಿನ ನೀರಿಗೂ ಅದನ್ನೇ ಹಾಕಿದರೆ ಲೋಳೆ ಮುದ್ದೆ ಕಟ್ಟಿ ಕಣಗಳನ್ನು ನುಂಗುತ್ತದೆ. ಸಲೈನಿನಲ್ಲಿ ತೆಳು ಮಾಡಿ, ಕಣ ಎಣಿಸುವ ಗೆರೆ ಗಾಜಿನ ಚೇಂಬರಿನಲ್ಲಿ ಕೈಯಲ್ಲೇ ಎಣಿಸಬೇಕು. ದಿನಕ್ಕೆ ನೂರು ರಕ್ತ ನೋಡುವ ಲ್ಯಾಬಿಗೆ ಕೀಲಿನ ನೀರು ಅಪರೂಪದ ಅತಿಥಿ. ಅತಿಥಿ ಬಂದ ದಿನ ಮನೆಯಲ್ಲಿ ಯಾರಿರುತ್ತಾರೆ ಅನ್ನೋದರ ಮೇಲೆ ಸತ್ಕಾರ.

ಇನ್ನು ಅಂಕಿ. ಒಂದು ಮೈಕ್ರೋಲೀಟರಿನಲ್ಲಿ 200ರೊಳಗೆ ಇದ್ದರೆ ಸಹಜ. 2,000ದೊಳಗೆ ಇದ್ದರೆ ಪೆಟ್ಟು, ಸವೆತ ಇಂಥವು. 2,000ದಿಂದ 50,000 ಉರಿಯೂತ. 50,000 ದಾಟಿದರೆ ಕೀವಿನ ಭಯ, ಲಕ್ಷ ದಾಟಿದರೆ ಇನ್ನೂ ಜಾಸ್ತಿ. ಪುಸ್ತಕದಲ್ಲಿ ಇಷ್ಟು ಚೆಂದ ಇದೆ. ಮಕ್ಕಳ ವಿಷಯದಲ್ಲಿ ರೋಗಗಳು ಈ ಗೆರೆಗಳ ಮಾತು ಕೇಳೋದಿಲ್ಲ. ಜೆಐಎ ಇರುವ ಮಗುವಿನ ಕೌಂಟ್ 50,000ದ ಮೇಲೂ ಹೋಗಬಹುದು. ಕೀವಿನ ಶುರುವಿನಲ್ಲಿ ಕಡಿಮೆಯೂ ಇರಬಹುದು. ಟಿಬಿಯ ಕೌಂಟೂ ಜೆಐಎ ಕೂರುವ ಜಾಗದಲ್ಲೇ ಬಂದು ಕೂರುತ್ತದೆ.

ಅಂದರೆ ಈ ನೀರು 'ಇದು ಜೆಐಎ' ಅಂತ ಹೇಳೋದಿಲ್ಲ. ಹಾಗೆ ಹೇಳುವ ಒಂದೇ ಒಂದು ಪರೀಕ್ಷೆ ಎಲ್ಲೂ ಇಲ್ಲ. 16 ವರ್ಷದೊಳಗೆ ಶುರುವಾಗಿರಬೇಕು, ಕನಿಷ್ಠ 6 ವಾರ ಇರಬೇಕು, ಬೇರೆ ಕಾರಣ ಯಾವುದೂ ಅಲ್ಲ ಅಂತ ಆಗಬೇಕು. ಆಗ ಆ ಹೆಸರು. ನೀರಿನ ಪರೀಕ್ಷೆ ಇರೋದು ಆ 'ಬೇರೆ ಕಾರಣ' ಹೊರಗೆ ಹಾಕಲಿಕ್ಕೆ. ಒಂದೇ ಮೊಣಕಾಲು ಊದಿದ್ದು, ಒಬ್ಬರು ಟಿಬಿ ಅಂದಿದ್ದು, ಮುಂದೆ ಉರಿಯೂತ ಇಳಿಸಲಿಕ್ಕೆ ಕೀಲಿಗೆ ಸ್ಟೀರಾಯ್ಡ್ ಕೊಡುವ ಯೋಚನೆ ಇದ್ದರೆ ಅದು. ಇಷ್ಟಿದ್ದ ಮೇಲೆ ಮತ್ತೆ ತೆಗೆಯೋಣ ಅಂದ ಡಾಕ್ಟರು ದುಡ್ಡಿಗೆ ಅಂದಿದ್ದಲ್ಲ. ಒಳಗೆ ಸೋಂಕಿದ್ದು ಅದರ ಮೇಲೆ ಸ್ಟೀರಾಯ್ಡ್ ಹೋದರೆ ಕಷ್ಟ.

ತೆಗೆದಷ್ಟೂ ತುಂಬುತ್ತದೆ ಅನ್ನೋದು ಹಾಗಲ್ಲ. ಒಳಪೊರೆಯ ಉರಿಯೂತ ಇರುವ ತನಕ ನೀರು ಬರುತ್ತದೆ, ನೀವು ತೆಗೆಯಿರಿ ಬಿಡಿ. ಆಯಿಗೆ ಹಾಗೇ ಹೇಳು.

ಈ ಸಲ ಹೋಗುವಾಗ ವಿನಯದಿಂದಲೇ ಕೇಳು: ಲ್ಯಾಬು ಇದೇ ಕಟ್ಟಡದಲ್ಲಿ ಇದೆಯಾ, ನೇರಳೆ ಟ್ಯೂಬು ತಯಾರಿದೆಯಾ, ಕಲ್ಚರಿಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡಲಿಕ್ಕೆ) ಒಂದು ಭಾಗವನ್ನು ಅಲ್ಲೇ ಬ್ಲಡ್ ಕಲ್ಚರ್ ಬಾಟಲಿಗೆ ಹಾಕುತ್ತೀರಾ. ಕಿಂಗೆಲ್ಲಾ ಅಂತ ಒಂದು ಬ್ಯಾಕ್ಟೀರಿಯಾ ಚಿಕ್ಕ ಮಕ್ಕಳ ಕೀಲಿಗೆ ಬರುತ್ತದೆ, ಸಾದಾ ತಟ್ಟೆಯಲ್ಲಿ ಬೆಳೆಯಲಿಕ್ಕೆ ಬಹಳ ಕಾಡಿಸುತ್ತದೆ. ಇಷ್ಟು ದಿನದ ಊತದಲ್ಲಿ ಅದು ಇರೋದು ಕಡಿಮೆ, ಆದರೂ ಬಾಟಲಿಗೆ ಹಾಕಲಿಕ್ಕೆ ಖರ್ಚೇನು? ನೀರಿನ ಸಕ್ಕರೆ ನೋಡುವುದಾದರೆ ಅದೇ ಹೊತ್ತಿಗೆ ರಕ್ತದ ಸಕ್ಕರೆಯೂ ಬೇಕು, ಇಲ್ಲದಿದ್ದರೆ ಹೋಲಿಸೋದು ಯಾವುದಕ್ಕೆ? ಟಿಬಿಗೆ ಸಿಬಿನ್ಯಾಟ್ ಮಾಡಿಸಿ, ಅದು ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ. ಸ್ಲೈಡಿನಲ್ಲಿ ಟಿಬಿ ಕಾಣೋದು ಕೀಲಿನ ನೀರಿನಲ್ಲಿ ಬಹಳ ಕಡಿಮೆ. ಸಿಬಿನ್ಯಾಟ್ ನೆಗೆಟಿವ್ ಬಂದರೂ ಪೂರ್ತಿ ಇಲ್ಲ ಅಂತಲ್ಲ, ಸಂಶಯ ಉಳಿದರೆ ಒಳಪೊರೆಯ ಚೂರು ತೆಗೆದು ನೋಡುತ್ತಾರೆ. ಜೊತೆಗೆ ರಕ್ತದ ಸ್ಮಿಯರನ್ನು (ಗಾಜಿನ ಮೇಲೆ ತೆಳ್ಳಗೆ ಹರಡಿದ ರಕ್ತ) ಪೆಥಾಲಜಿ ಡಾಕ್ಟರು ಕಣ್ಣಿಟ್ಟು ನೋಡಲಿ. ಹೆದರಿಸಲಿಕ್ಕೆ ಹೇಳೋದಲ್ಲ. ಮಕ್ಕಳ ರಕ್ತದ ಕ್ಯಾನ್ಸರ್ ಕೆಲವೊಮ್ಮೆ ಕೀಲು ನೋವಿನ ವೇಷ ಹಾಕಿ ಬರುತ್ತದೆ, ಸ್ಟೀರಾಯ್ಡ್ ಮೊದಲು ಅದಿಲ್ಲ ಅಂತ ನೋಡೋದು ಕ್ರಮ.

—

ಯಲ್ಲಾಪುರ ಘಟ್ಟ

ನಮ್ಮ ಅಣ್ಣನ ಮಗನಿಗೂ ಹೀಗೇ ಆಗಿತ್ತು. ಉಳುಕು ತೆಗೆಯುವವರ ಹತ್ತಿರ ಎಣ್ಣೆ ಹಾಕಿ ನೀವಿಸಿದೆವು, ಸೊಪ್ಪು ಕಟ್ಟಿದೆವು, ಹತ್ತು ದಿನದಲ್ಲಿ ಸರಿಹೋಯ್ತು. ಸುಮ್ನೆ ಆಸ್ಪತ್ರೆ ಸುತ್ತಿ ದುಡ್ಡು ಹಾಳು ಮಾಡಬೇಡಿ.

—

ಕುಮಟಾದ ಹಳೇ ಲ್ಯಾಬ್‌ನವನು

ಹತ್ತು ದಿನದಲ್ಲಿ ಹೋಗುವ ಊತ ಸೊಪ್ಪು ಕಟ್ಟದಿದ್ದರೂ ಹೋಗುತ್ತದೆ. ಜ್ವರದ ನಂತರ ಒಂದೆರಡು ವಾರ ಕೀಲು ಹಿಡಿದುಕೊಳ್ಳೋದು ಮಕ್ಕಳಲ್ಲಿ ಸಾಮಾನ್ಯ. ಚಿಕೂನ್‌ಗುನ್ಯಾ ಬಂದ ಮನೆಯವರಿಗೆ ಗೊತ್ತು. 6 ವಾರದ ಗಡುವು ಇಟ್ಟಿರೋದೇ ಇಂಥವು ಸೋಸಿ ಹೋಗಲಿ ಅಂತ. ಇವರದ್ದು ದೀಪಾವಳಿಯಿಂದ. ಬಿಸಿ ಇರುವ ಕೀಲನ್ನು ನೀವಬೇಡಿ ಮಾರಾಯ್ರೇ.

—

ಅಂಕೋಲೆಯ ಅಮ್ಮ

ತಮ್ಮಾ, ಬೆಳಿಗ್ಗೆ ಬಿಗಿ, ಹತ್ತು ಗಂಟೆಗೆ ಓಟ ಅಂತ ಓದಿದ ಕೂಡಲೇ ನನಗೆ ನಮ್ಮ ಮನೆಯೇ ಕಣ್ಣಮುಂದೆ ಬಂತು. ನನ್ನ ಮಗಳಿಗೆ ಮೂರನೇ ವಯಸ್ಸಿನಲ್ಲಿ ಶುರು, ಈಗ ಹೈಸ್ಕೂಲು, ಖೋಖೋ ಆಡ್ತಾಳೆ. ಅದನ್ನು ಮೊದಲು ಹೇಳಿಬಿಡ್ತೇನೆ, ರಾತ್ರಿ ನಿದ್ದೆ ಬರಲಿ ನಿಮಗೆ.

ಮಗುವನ್ನು ಇಬ್ಬರು ಹಿಡಿದುಕೊಂಡು ಸೂಜಿ ಹಾಕೋದು ಬೇಡ. ಖಡಾಖಂಡಿತವಾಗಿ ಹೇಳಿ. ಜೋಮು ಹಿಡಿಸುವ ಕ್ರೀಮ್ ಇದೆ. ಸೂಜಿಗೆ ಒಂದು ಗಂಟೆ ಮೊದಲೇ ದಪ್ಪಗೆ ಹಚ್ಚಿ ಮೇಲೆ ಪ್ಲಾಸ್ಟಿಕ್ ಅಂಟಿಸಬೇಕು. ಐದು ನಿಮಿಷ ಮೊದಲು ಹಚ್ಚಿದರೆ ಶಾಸ್ತ್ರಕ್ಕೆ ಅಷ್ಟೇ. ಇಷ್ಟು ಚಿಕ್ಕ ಮಕ್ಕಳಿಗೆ ಸ್ವಲ್ಪ ಹೊತ್ತು ಮಂಪರು ಬರುವ ಔಷಧಿಯನ್ನೂ ಕೊಡುತ್ತಾರೆ. ಅದಕ್ಕೆ ಖಾಲಿ ಹೊಟ್ಟೆ ಬೇಕು, ಹಾಗಾಗಿ ಬೆಳಗಿನ ಮೊದಲ ಸರದಿ ಕೇಳಿ. ಹಸಿದ ಮಗು ಮಧ್ಯಾಹ್ನದ ತನಕ ಕಾಯೋದು ಸೂಜಿಗಿಂತ ದೊಡ್ಡ ಶಿಕ್ಷೆ.

ನಮಗೆ ಮಣಿಪಾಲದಲ್ಲಿ ಒಂದೇ ಮಂಪರಿನಲ್ಲಿ ಎರಡೂ ಮಾಡಿದರು. ನೀರು ತೆಗೆದು, ಅದೇ ಸೂಜಿ ಇಟ್ಟುಕೊಂಡೇ ಟ್ರೈಯಾಮ್ಸಿನೊಲೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟರು. ಒಂದೆರಡು ದಿನ ಕಾಲಿಗೆ ವಿಶ್ರಾಂತಿ. ಆಮೇಲೆ ಊತ ಇಳಿದಿದ್ದು ನೋಡಬೇಕಿತ್ತು, ಎರಡೂ ಮೊಣಚಿಪ್ಪು ಒಂದೇ ಥರ ಕಂಡವು. ಸೂಜಿ ಹೋದ ಜಾಗದಲ್ಲಿ ಚರ್ಮ ಒಂದು ಚುಕ್ಕಿಯಷ್ಟು ತಗ್ಗಾಗಿ ಬೆಳ್ಳಗಾಗಿದೆ, ಅದು ಆಗೋದುಂಟು ಅಂತ ಮೊದಲೇ ಹೇಳಿದ್ದರು. ನೀವೂ ಎರಡೂ ಒಟ್ಟಿಗೇ ಮಾಡಿ ಅಂತ ಕೇಳಿ.

ಕಣ್ಣಿನ ವಿಷಯ ದಯವಿಟ್ಟು ಹಗುರ ಮಾಡಬೇಡಿ. ಮೊಣಕಾಲು ನಿಮಗೆ ಕಾಣುತ್ತದೆ, ಕಣ್ಣಿನದ್ದು ಕಾಣೋದಿಲ್ಲ. ಈ ಥರದ ಸಂಧಿವಾತ ಇರುವ ಚಿಕ್ಕ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕಣ್ಣಿನ ಒಳಗೆ ಯುವಿಯೈಟಿಸ್ ಅಂತ ಉರಿಯೂತ ಬರಬಹುದು. ಕೆಂಪಾಗೋದಿಲ್ಲ, ನೋಯೋದಿಲ್ಲ, ಮಗು ಏನೂ ಹೇಳೋದಿಲ್ಲ. ಒಳಗೊಳಗೇ ಪೊರೆ, ಗ್ಲಾಕೋಮಾ ತನಕ ಹೋಗುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಸಿಗೋದಿಲ್ಲ, ಕಣ್ಣಿನ ಡಾಕ್ಟರ ಹತ್ತಿರ ಇರುವ ಸ್ಲಿಟ್ ಲ್ಯಾಂಪ್ ಅನ್ನೋ ಯಂತ್ರದಲ್ಲೇ ನೋಡಬೇಕು. ಎಎನ್‌ಎ ಅನ್ನೋ ರಕ್ತಪರೀಕ್ಷೆ ಪಾಸಿಟಿವ್ ಇದ್ದರೆ ಮೂರು ತಿಂಗಳಿಗೊಮ್ಮೆ. ಮೊಣಕಾಲು ಪೂರ್ತಿ ಚೆನ್ನಾಗಿದ್ದಾಗಲೂ. ನನ್ನ ಮಗಳಿಗೆ ಕಣ್ಣಿನದ್ದು ಸಿಕ್ಕಿದ್ದು ಹಾಗೆ ಸುಮ್ನೆ ತಪಾಸಣೆಗೆ ಹೋದ ದಿನ. ಬೇಗ ಸಿಕ್ಕಿತು, ಡ್ರಾಪ್ಸ್ ಮತ್ತು ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಅನ್ನೋ ಔಷಧಿಯಿಂದ ಹಿಡಿತಕ್ಕೆ ಬಂತು.

ನಮ್ಮ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಕೊಡಿ ಅಂತ ಕೂಗಿ ಕೂಗಿ ಸಾಕಾಯ್ತು. ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಣಿಪಾಲಕ್ಕೆ, ನೀವು ಹುಬ್ಬಳ್ಳಿಗೆ. ಮಗು ಹೊಟ್ಟೆ ಖಾಲಿ ಇಟ್ಟುಕೊಂಡು ಘಟ್ಟದ ತಿರುವಿನಲ್ಲಿ ವಾಂತಿ ಮಾಡಿದ್ದನ್ನು ಒರೆಸಿದವರಿಗೆ ಗೊತ್ತು ಅದರ ಕಷ್ಟ.

—

ಕುಮಟಾದ ಹಳೇ ಲ್ಯಾಬ್‌ನವನು

ಅಕ್ಕಾ, ಉಳಿದಿದ್ದೆಲ್ಲ ಒಪ್ಪಿದೆ. ಎರಡೂ ಒಟ್ಟಿಗೆ ಅನ್ನೋದಕ್ಕೆ ಮಾತ್ರ ಸ್ವಲ್ಪ ತಡೆಯಿರಿ. ನಿಮ್ಮ ಮಗಳಿಗೆ ಆ ಹೊತ್ತಿಗೆ ಟಿಬಿ ಸಂಶಯ ಇರಲಿಲ್ಲ ಅಂತ ಕಾಣುತ್ತದೆ. ಇಲ್ಲಿ ಒಬ್ಬ ಡಾಕ್ಟರು ಬಾಯಿಬಿಟ್ಟು ಹೇಳಿದ್ದಾರೆ. ಸಿಬಿನ್ಯಾಟಿನ ಉತ್ತರ ಒಂದೆರಡು ಗಂಟೆಯ ಕೆಲಸ, ಕಲ್ಚರಿಗೆ ಕೆಲವು ದಿನ. ಕಾಯಬೇಕಾ ಬೇಡವಾ ಅನ್ನೋದನ್ನು ಸೂಜಿ ಹಿಡಿದವರೇ ನೀರು ನೋಡಿ ತೀರ್ಮಾನ ಮಾಡಲಿ. ಎರಡು ಸಲ ಮಂಪರು ಕೊಡೋದು ಯಾರಿಗೂ ಇಷ್ಟವಿಲ್ಲ, ಹೌದು.

—

ಅಂಕೋಲೆಯ ಅಮ್ಮ

ಒಪ್ಪಿದೆ. ಆದರೆ ಕೇಳಿ ಅಂತಲೇ ನಾನು ಹೇಳೋದು, ಹಟ ಮಾಡಿ ಅಂತಲ್ಲ. ಕೇಳದಿದ್ದರೆ ಅವರಾಗಿಯೇ ಹೇಳುವಷ್ಟು ಹೊತ್ತು ಒಪಿಡಿಯಲ್ಲಿ ಯಾರಿಗೂ ಇರೋದಿಲ್ಲ.

—

ಬನವಾಸಿ ರಸ್ತೆಯವನು

ತಡವಾಗಿ ಬರೀತಾ ಇದ್ದೇನೆ, ಕ್ಷಮಿಸಿ. ಎರಡನೇ ಸಲ ತೆಗೆಸಿದೆವು. ಕ್ರೀಮ್, ಮಂಪರು ಎರಡೂ ಕೊಟ್ಟರು. ಅವಳಿಗೆ ಏನೂ ನೆನಪಿಲ್ಲ, ಎದ್ದವಳು ಕೇಳಿದ್ದು ಬಿಸ್ಕೀಟು.

ನೇರಳೆ ಟ್ಯೂಬಿನ ಮಾತು ಎತ್ತಿದಾಗ ಡಾಕ್ಟರು ನನ್ನ ಮುಖ ನೋಡಿ ನಕ್ಕರು, ಯಾರು ಹೇಳಿಕೊಟ್ಟರು ಅಂತ. ಲ್ಯಾಬು ಒಂದು ಮಹಡಿ ಕೆಳಗೆ. ನರ್ಸ್ ಜೊತೆ ನಾನೇ ಹೋದೆ. ಕಿಟಕಿ ಹತ್ತಿರ ಹಿಡಿದು ನೋಡಿದೆ, ಕೈಯ ಗೆರೆ ಮಸುಕು ಮಸುಕಾಗಿ ಕಾಣ್ತಿತ್ತು. ಎಳೆ ಬರುತ್ತದಾ ಅಂತ ಕೇಳಿದ್ದಕ್ಕೆ ಅಲ್ಲಿನ ಹುಡುಗಿ ಒಂದು ಹನಿ ಬಿಟ್ಟು ತೋರಿಸಿದಳು. ಎಳೆ ಬರಲಿಲ್ಲ, ಟಪ್ ಅಂತ ಬಿತ್ತು.

ಈ ಸಲದ ಕೌಂಟ್ 16,400. ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಅನ್ನೋ ಥರದ್ದು 58%, ಉಳಿದಿದ್ದರಲ್ಲಿ ಜಾಸ್ತಿ ಲಿಂಫೋಸೈಟ್ ಅನ್ನೋದು. ಸಕ್ಕರೆ ರಕ್ತದ್ದಕ್ಕಿಂತ ಸ್ವಲ್ಪವೇ ಕಡಿಮೆ. ಗ್ರಾಂ ಸ್ಟೇನ್ ನೆಗೆಟಿವ್, ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ, ಸಿಬಿನ್ಯಾಟ್ ನೆಗೆಟಿವ್. ಮಾಂಟು ಪರೀಕ್ಷೆ (ಟಿಬಿಗೆ ಚರ್ಮದಲ್ಲಿ ಮಾಡೋದು), ಎದೆಯ ಎಕ್ಸ್‌ರೇ, ರಕ್ತದ ಸ್ಮಿಯರ್ ಎಲ್ಲ ಸರಿ. ಎಎನ್‌ಎ ಪಾಸಿಟಿವ್. ಆಲಿಗೋ ಜೆಐಎ ಅಂತ ಬರೆದರು. ಮೊದಲ ಆರು ತಿಂಗಳಲ್ಲಿ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಕೀಲಿಗೆ ಬಂದರೆ ಆ ಹೆಸರಂತೆ. ಇಂಜೆಕ್ಷನ್ ಅದೇ ದಿನ ಕೊಡಲಿಲ್ಲ, ಕಲ್ಚರ್ ಬಂದ ಮೇಲೆ ಕೊಟ್ಟರು. ಇನ್ನೊಂದು ಮಂಪರು ಆಯ್ತು. ಬೇಸರ ಆಯ್ತು, ಆದರೆ ಯಾಕೆ ಅಂತ ಗೊತ್ತಿದ್ದರಿಂದ ಜಗಳ ಆಡಲಿಲ್ಲ. ಟಿಬಿ ಮಾತ್ರೆ ಶುರು ಮಾಡಿಲ್ಲ.

ಊತ ಬಹಳ ಇಳಿದಿದೆ. ಆದರೆ ಕಾಲು ಇನ್ನೂ ಪೂರ್ತಿ ನೇರ ಆಗೋದಿಲ್ಲ. ಎಡಗಾಲು ಬಲಗಾಲಿಗಿಂತ ಸ್ವಲ್ಪ ಉದ್ದ ಅಂತ ಬೇರೆ ಅಳೆದು ಹೇಳಿದರು. ನೋವಿರುವ ಕಾಲು ಗಿಡ್ಡ ಆಗಬೇಕು, ಉದ್ದ ಆಗೋದು ಹೇಗೆ? ರಾತ್ರಿ ಮೊಣಕಾಲ ಕೆಳಗೆ ದಿಂಬು ಇಟ್ಟರೆ ಆರಾಮವಾಗಿ ಮಲಗುತ್ತಾಳೆ.

—

ಕುಮಟಾದ ಹಳೇ ಲ್ಯಾಬ್‌ನವನು

16,400. ನೋಡು, ಅದೇ ಮೊಣಕಾಲು. ಟಿಬಿ ಕಲ್ಚರಿಗೂ ಹಾಕಿದ್ದರೆ ಅದರ ಉತ್ತರಕ್ಕೆ 6 ವಾರ ಬೇಕು. ಎಲ್ಲ ಸರಿಹೋಯ್ತು ಅಂತ ಅದನ್ನು ಕೇಳದೆ ಬಿಡಬೇಡ. ಲ್ಯಾಬಿನವರು ಮನೆಗೆ ಫೋನ್ ಮಾಡೋದಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ಎಎನ್‌ಎ ರಿಪೋರ್ಟು ಜೊತೆಗಿರಲಿ.

—

ಕಾರವಾರದ ಫಿಸಿಯೋ

ದಿಂಬು ಇವತ್ತೇ ತೆಗೆಯಿರಿ. ಮಡಚಿದ ಕಾಲಿಗೆ ಅದು ಹಾಯೆನಿಸುತ್ತದೆ, ಹೌದು. ಆದರೆ ರಾತ್ರಿಯಿಡೀ ಮಡಚಿಯೇ ಇದ್ದರೆ ಹಿಂದಿನ ಸ್ನಾಯು ಗಿಡ್ಡವಾಗಿ ಕಾಲು ಹಾಗೇ ನಿಂತುಬಿಡುತ್ತದೆ. ಟಿವಿ ನೋಡುವಾಗ ಬೋರಲು ಮಲಗಿಸಿ, ಪಾದ ಮಂಚದ ಅಂಚಿನಿಂದ ಹೊರಗಿರಲಿ. ಬೆಳಿಗ್ಗೆ ಬಿಸಿನೀರಿನ ಸ್ನಾನ ಆದ ಮೇಲೆ ಕಾಲು ನೀಡುವ ವ್ಯಾಯಾಮ ಮಾಡಿಸಿ, ಆಗ ಬಿಗಿ ಕಡಿಮೆ ಇರುತ್ತದೆ.

ಉದ್ದ ಆಗಿದ್ದು ನಿಜವೇ. ಉರಿಯೂತ ಇರುವ ಕೀಲಿಗೆ ರಕ್ತ ಜಾಸ್ತಿ ಹರಿಯುತ್ತದೆ, ಪಕ್ಕದಲ್ಲೇ ಇರುವ ಮೂಳೆ ಬೆಳೆಯುವ ಜಾಗ ಚುರುಕಾಗುತ್ತದೆ. ಅದಕ್ಕೇ ಚಿಕ್ಕ ಮಕ್ಕಳಲ್ಲಿ ಊದಿದ ಕಾಲೇ ಮುಂದೆ ಹೋಗುತ್ತದೆ. ವ್ಯತ್ಯಾಸ ಸ್ವಲ್ಪ ಇದ್ದರೆ ಬಲಗಾಲಿನ ಚಪ್ಪಲಿಗೆ ಅಟ್ಟೆ ಏರಿಸಿದರೆ ಸಾಕು. ಉರಿಯೂತ ನಿಂತರೆ ಬೆಳೆಯುತ್ತಾ ಬಹಳಷ್ಟು ಸರಿಹೋಗುತ್ತದೆ. ಓಡಬೇಡ, ಹಾರಬೇಡ ಅಂತ ಕೂರಿಸಬೇಡಿ, ಆಮೇಲೆ ತೊಡೆಯ ಸ್ನಾಯು ಸೊರಗುತ್ತದೆ. ಒಂದು ಸೈಕಲ್ ಕೊಡಿಸಿ. ಮೂರು ಚಕ್ರದ್ದಾದರೂ ನಡೆಯುತ್ತದೆ, ಸೀಟು ಮಾತ್ರ ಎತ್ತರ ಮಾಡಿಸಿ, ಪೆಡಲ್ ಕೆಳಗೆ ಹೋದಾಗ ಕಾಲು ಪೂರ್ತಿ ನೀಡುವಷ್ಟು.